ಪಡುವಣ ಗೋಡೆಗೆ ಹೊಡೆದ ಕಡುನೀಲಿ

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಮಲ್ಪೆ ಕಡೆಯ ಮನೆಯೊಂದರಿಂದ ನನಗೆ ಫೋನ್ ಬಂತು. "ಮೇಸ್ತ್ರಿಗಳೇ, ನೀವು ಹೊಡೆದ ನೀಲಿ ಗೋಡೆಯಲ್ಲಿ ಎಂತದೋ ಬಿಳಿ ಎದ್ದಿದೆ, ಒಮ್ಮೆ ಬಂದು ನೋಡಿ" ಎಂದರು ಆ ಮನೆಯ ಅಮ್ಮ. ಮೇ ಕೊನೆಯ ವಾರದಲ್ಲಿ, ಮಳೆ ಹಿಡಿಯುವ ಮೊದಲು ಮುಗಿಸಬೇಕೆಂಬ ಅವಸರದಲ್ಲಿ, ಅವರ ಚಾವಡಿಯ ಪಡುವಣ ಗೋಡೆಗೆ ನಾನೇ ನಿಂತು ಕಡುನೀಲಿ ಹೊಡೆಸಿದ್ದೆ.

ಹೋಗಿ ನೋಡಿದರೆ, ಕಿಟಕಿಯ ಕೆಳಮೂಲೆಯಿಂದ ನೆಲದವರೆಗೆ ಹತ್ತಿಯ ಎಳೆಗಳಂಥ ಬಿಳಿ ಹರಡಿತ್ತು. ಬೆರಳಿನಿಂದ ಒರೆಸಿದಾಗ ಸಣ್ಣ ಹರಳುಗಳು ಉದುರಿದವು. ಬಣ್ಣವೇ ಕಳಪೆಯೆಂದು ಮೊದಲು ನಾನೂ ಶಂಕಿಸಿದೆ. ಆದರೆ ಒದ್ದೆ ಬಟ್ಟೆಯಲ್ಲಿ ಒರೆಸಿದ ಕೂಡಲೇ ನೀಲಿ ಮೊದಲಿನಷ್ಟೇ ಗಾಢವಾಗಿ ಕಾಣಿಸಿತು. ಮರುದಿನ ಒಣಗಿದ ಮೇಲೆ ಅದೇ ಜಾಗದಲ್ಲಿ ಬಿಳಿ ಮತ್ತೆ ಎದ್ದಿತ್ತು. ಹಾಳಾದದ್ದು ಬಣ್ಣವಲ್ಲ, ಗೋಡೆಯ ಒಳಗಿನ ಉಪ್ಪು ಹೊರಗೆ ಬರುತ್ತಿದೆ ಎಂಬುದು ಆಗ ಸ್ಪಷ್ಟವಾಯಿತು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಸಮುದ್ರದ ಗಾಳಿಯೊಂದಿಗೆ ಪಡುವಣ ಗೋಡೆಗೇ ಬಡಿಯುತ್ತದೆ. ಇಲ್ಲಿ ಗೋಡೆ ಕಟ್ಟುವ ಮುರಕಲ್ಲಿನ (ಜಂಬಿಟ್ಟಿಗೆಯ) ಮೈತುಂಬ ತೂತುಗಳು. ಹೊರಗಿನ ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಒಳಗೆ ಸೇರಿ, ಸಿಮೆಂಟಿನಲ್ಲಿರುವ ಲವಣಗಳನ್ನು ಕರಗಿಸಿಕೊಂಡು ಒಳಮೈಗೆ ಬರುತ್ತದೆ. ನೀರು ಆರಿ ಹೋಗುತ್ತದೆ, ಲವಣ ಉಳಿಯುತ್ತದೆ. ಆ ಗೋಡೆಗೆ ಹಿಂದೆ ಬಿಳಿ ಡಿಸ್ಟೆಂಪರ್ ಇತ್ತು. ಆಗಲೂ ಉಪ್ಪು ಏಳುತ್ತಿದ್ದಿರಬೇಕು, ಬಿಳಿಯ ಮೇಲೆ ಬಿಳಿ ಕಾಣಲಿಲ್ಲ ಅಷ್ಟೆ. ಕಡುನೀಲಿ ಹೊಡೆದ ಮೇಲೆ ಯಾವುದೂ ಮರೆಯಾಗಿ ಉಳಿಯಲಿಲ್ಲ.

ನೀಲಿಯ ಗುಣವೂ ಇಲ್ಲಿ ತಿಳಿದಿರಬೇಕು. ನಮ್ಮ ಹಿರಿಯರು ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸುತ್ತಿದ್ದುದು ಅಲ್ಟ್ರಾಮರೀನ್ ಪುಡಿ. ಸುಣ್ಣದ ಕ್ಷಾರವನ್ನು ಅದು ತಡೆದುಕೊಳ್ಳುತ್ತದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ತಯಾರಾದ ಪ್ರಷ್ಯನ್ ನೀಲಿ ಅದೇ ಸುಣ್ಣದಲ್ಲಿ ಕೆಟ್ಟು ಕಂದಾಗುತ್ತದೆ. ಇಂದು ಅಂಗಡಿಯ ಯಂತ್ರ ಬೆರೆಸಿಕೊಡುವ ನೀಲಿ ಹೆಚ್ಚಾಗಿ ಥಾಲೋ ನೀಲಿ ಎಂಬ ರಾಸಾಯನಿಕ ಬಣ್ಣ, ಕ್ಷಾರಕ್ಕೆ ಜಗ್ಗದು. ಆದರೆ ಕಡು ಶೇಡಿಗೆ ಬಳಸುವ ಬೇಸ್‌ನಲ್ಲಿ, ಅಂದರೆ ಬಣ್ಣ ಬೆರೆಸುವ ಮೂಲ ಪೇಂಟಿನಲ್ಲಿ, ಬಿಳಿ ಟೈಟಾನಿಯಂ ಡೈಆಕ್ಸೈಡ್ ಬಹಳ ಕಡಿಮೆ ಇರುವುದರಿಂದ ಕೆಳಗಿನ ಪದರವನ್ನು ಅದು ಬೇಗ ಮುಚ್ಚುವುದಿಲ್ಲ. ಬಿಳಿ ಪ್ರೈಮರ್ ಮೇಲೆ ಎರಡು ಕೋಟ್ ಹೊಡೆದು ರೋಲರಿನ ಪಟ್ಟೆಗಳನ್ನು ಕಂಡು ಬೇಸರಪಡುವವರನ್ನು ನಾನು ಬಹಳ ನೋಡಿದ್ದೇನೆ. ಪ್ರೈಮರಿಗೆ ಬೂದು ಬಣ್ಣ ಬೆರೆಸಿ, ಮೂರು ಕೋಟ್ ಲೆಕ್ಕ ಹಾಕಿ, ಎಲ್ಲ ಡಬ್ಬಗಳನ್ನೂ ಒಂದೇ ಬಕೆಟಿಗೆ ಸುರಿದು ಕಲಸಿಕೊಂಡರೆ ಗೋಡೆ ಒಂದೇ ಸಮ ಕಾಣುತ್ತದೆ.

ಆ ಮನೆಯಲ್ಲಿ ನಾನು ನನ್ನ ಖರ್ಚಿನಲ್ಲೇ ಕೆಲಸವನ್ನು ಮತ್ತೆ ಮಾಡಿಕೊಟ್ಟೆ, ಏಕೆಂದರೆ ಗೋಡೆಯನ್ನು ಪರೀಕ್ಷಿಸದೆ ಒಪ್ಪಿಕೊಂಡವನು ನಾನು. ಮಳೆಗಾಲ ಮುಗಿದ ಮೇಲೆ ಹೊರಗಿನ ಬಿರುಕುಗಳನ್ನು ತುಂಬಿಸಿ, ಕಿಟಕಿಯ ಕೆಳಗಿನ ಕಲ್ಲಿಗೆ ಹೊರಗೆ ಇಳಿಜಾರು ಕೊಡಿಸಿ, ನೀರು ತಡೆಯುವ ಲೇಪ ಹಾಕಿಸಿದೆ. ಒಳಗಿನ ಉಪ್ಪನ್ನು ಒಣ ಬ್ರಷ್ಷಿನಿಂದಲೇ ಉಜ್ಜಿ ತೆಗೆಸಿದೆ. ನೀರಿನಲ್ಲಿ ತೊಳೆದರೆ ಅದು ಕರಗಿ ಗೋಡೆಗೇ ಮರಳುತ್ತದೆ. ಗೋಡೆ ಆರಿದೆಯೇ ಎಂದು ನೋಡಲು ಜನವರಿಯಲ್ಲಿ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿದೆ. ಮರುದಿನ ಬಿಚ್ಚಿದಾಗ ಒಳಬದಿಯಲ್ಲಿ ಮಂಜಿನಂಥ ಹನಿಗಳು ಕಂಡವು. ಅಷ್ಟು ತಿಂಗಳು ಕಳೆದರೂ ಗೋಡೆ ಆರಿರಲಿಲ್ಲ.

ಅಮ್ಮನವರೊಂದಿಗೆ ಕುಳಿತು ಮಾತಾಡಿ, ಕಡುನೀಲಿಯನ್ನು ಚಾವಡಿಗೂ ಊಟದ ಕೋಣೆಗೂ ನಡುವಿನ ಒಳಗೋಡೆಗೆ ಬದಲಾಯಿಸಿದೆವು. ಅದಕ್ಕೆ ಮಳೆ ತಾಗುವ ಮಾತೇ ಇಲ್ಲ. ಇನ್ನೊಂದು ಲಾಭವೂ ಆಯಿತು. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 80ರಷ್ಟನ್ನು ಮರಳಿಸಿದರೆ ಕಡುನೀಲಿ ಶೇಕಡಾ 10ನ್ನೂ ಮರಳಿಸುವುದಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಮೋಡದಲ್ಲಿ ಕಿಟಕಿಯಿರುವ ಗೋಡೆಯೇ ಕಡುನೀಲಿಯಾದರೆ ಹೊರಗಿನ ಬೆಳಕಿನ ಎದುರು ಅದು ಕಪ್ಪಾಗಿ ಕಾಣುತ್ತದೆ. ಈಗ ಕಿಟಕಿಯ ಬೆಳಕು ನೇರವಾಗಿ ನೀಲಿಯ ಮೇಲೆ ಬೀಳುತ್ತದೆ. ಅದರ ಪಕ್ಕದ ಹಲಸಿನ ಮರದ ಬಾಗಿಲಿಗೂ ಕೆಳಗಿನ ಕೆಂಪು ನೆಲಕ್ಕೂ ಆ ಬಣ್ಣ ಎಷ್ಟು ಒಪ್ಪಿತೆಂದರೆ, ಕೆಲಸ ಮುಗಿದ ಸಂಜೆ ನಾವು ಹುಡುಗರೆಲ್ಲ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾ ನಿಂತೆವು.

ಉಳಿದ ಅರ್ಧ ಲೀಟರನ್ನು ಶೇಡ್ ನಂಬರ್ ಬರೆದ ಡಬ್ಬದಲ್ಲಿ ಅವರಿಗೇ ಕೊಟ್ಟು ಬಂದಿದ್ದೇನೆ. ಮ್ಯಾಟ್ ಕಡುನೀಲಿಯಲ್ಲಿ ತೇಪೆ ಹಾಕಿದ ಜಾಗ ಎದ್ದು ಕಾಣುವುದರಿಂದ, ಗೀರು ಬಿದ್ದರೆ ಅಷ್ಟಕ್ಕೇ ಬಳಿಯದೆ ನನಗೆ ಹೇಳಿ ಕಳುಹಿಸಬೇಕೆಂದೂ, ಆಗ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಪೂರ್ತಿ ಒಂದು ಕೋಟ್ ಹೊಡೆದುಕೊಡುತ್ತೇನೆಂದೂ ತಿಳಿಸಿದ್ದೇನೆ.