ಆಲ್ಪೀನ್ ದಿನಚರಿ: ದಿಜೋನ್‌ನಿಂದ ಸಾಂತ್ನೆವರೆಗೆ

ಫ್ರಾನ್ಸಿನ ವೈನ್ ಸೀಮೆಗಳನ್ನು ಒಂದೊಂದಾಗಿ ನನ್ನ ಪುಟ್ಟ ಸ್ಪೋರ್ಟ್ಸ್ ಕಾರು ಆಲ್ಪೀನ್ ಎ110ನಲ್ಲಿ ಸುತ್ತುವ ಯೋಜನೆಯ ಶಾಂಪೇನ್ ಭಾಗ ವಸಂತದಲ್ಲೇ ಮುಗಿದಿತ್ತು. ಈ ಜೂನ್‌ನಲ್ಲಿ ಬರ್ಗಂಡಿಯ ಕೋತ್ ದೋರ್ ಕೂಡ ಆಯಿತು. ದಿಜೋನ್‌ನಿಂದ ಸಾಂತ್ನೆಗೆ ಹೋಗುವ ಸುಮಾರು 60 ಕಿ.ಮೀ. ಉದ್ದದ 'ರೂಟ್ ದೆ ಗ್ರಾಂ ಕ್ರೂ' (ಅತ್ಯುನ್ನತ ದರ್ಜೆಯ ತೋಟಗಳ ದಾರಿ) 1937ರಷ್ಟು ಹಿಂದೆಯೇ ಗುರುತಾದ ಪ್ರವಾಸಿ ಮಾರ್ಗ. ಒಂದೇ ಉಸಿರಿಗೆ ಓಡಿಸಿದರೆ ಒಂದು ಬೆಳಗಿನೊಳಗೆ ಮುಗಿಯುತ್ತದೆ. ಹಾಗೆ ಮುಗಿಸುವ ದಾರಿ ಇದಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೊರಡುವ ಮೊದಲು ಬ್ರೇಕ್ ದ್ರವ ಬದಲಾಯಿತು, ಹಿಂದಿನ ಎರಡು ಟೈರ್ ಹೊಸದಾದವು, ಚಕ್ರಗಳ ಜೋಡಣೆಯನ್ನು ಪರೀಕ್ಷಿಸಿ ಸರಿಪಡಿಸಲಾಯಿತು. ಉಳಿದಂತೆ ಕಾರು ದಿಯೆಪ್‌ನ ಕಾರ್ಖಾನೆಯಿಂದ ಬಂದ ಹಾಗೆಯೇ ಇದೆ: ಅಲ್ಯೂಮಿನಿಯಂ ಮೈ, ಸೀಟಿನ ಹಿಂದೆ 1.8 ಲೀಟರ್ ಟರ್ಬೊ ಎಂಜಿನ್, 252 ಅಶ್ವಶಕ್ತಿ, ತೂಕ ಸುಮಾರು 1,100 ಕೆ.ಜಿ. ಈ ದಾರಿಗೆ ಮುಖ್ಯವಾದದ್ದು ಆ ಕೊನೆಯ ಅಂಕಿ. ಊರೊಳಗೆ 50, ಎಷ್ಟೋ ಕಡೆ 30ರ ಮಿತಿ ಇರುವಲ್ಲಿ ಅಶ್ವಶಕ್ತಿಗೆ ಕೆಲಸವಿಲ್ಲ. ಹಗುರವಾದ ಕಾರು 40ರಲ್ಲಿ ತಿರುವು ತೆಗೆದುಕೊಂಡಾಗಲೂ ರಸ್ತೆಯ ಏರುತಗ್ಗನ್ನು ಸ್ಟಿಯರಿಂಗ್‌ನಲ್ಲಿ ತಿಳಿಸುತ್ತದೆ. ಅದಕ್ಕಾಗಿಯೇ ನಾನು ಇದನ್ನು ಕೊಂಡದ್ದು.

ದಿಜೋನ್ ಬಿಡುವ ಮುನ್ನ ಪ್ರೆನ್ವಾ ರೇಸ್ ಟ್ರ್ಯಾಕ್‌ನ ಗೇಟಿನವರೆಗೆ ಹೋಗಿ ಬಂದೆವು. ಟರ್ಬೊ ಎಂಜಿನ್‌ನ ಕಾರು ಫಾರ್ಮುಲಾ ಒನ್‌ನಲ್ಲಿ ಮೊದಲ ಸಲ ಗೆದ್ದದ್ದು ಅಲ್ಲಿ, 1979ರ ಜುಲೈ 1ರಂದು. ಓಡಿಸಿದವರು ರೆನೋ ತಂಡದ ಜಾಬುಯಿ. ಟ್ರ್ಯಾಕ್ ಮುಚ್ಚಿತ್ತು. ಆದರೂ ಹೋದದ್ದಕ್ಕೆ ಸಂತೋಷವಿದೆ.

ಈ ಸಲ ಜೊತೆಗೆ ಬಂದವನು ನನ್ನ ಹೆಂಡತಿಯ ತಮ್ಮ. ಅವರ ಮನೆಯವರು ಚಿಕ್ಕಬಳ್ಳಾಪುರದ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುತ್ತಾರೆ. ತಲೆಯೆತ್ತರದ ಚಪ್ಪರದ ಕೆಳಗೆ ಓಡಾಡಿ ಬೆಳೆದವನಿಗೆ ಇಲ್ಲಿನ ಮೊಣಕಾಲೆತ್ತರದ ಬುಡ, ಸೊಂಟದೆತ್ತರದ ತಂತಿ, ಒಂದು ಮೀಟರ್ ಅಂತರದ ಸಾಲು ಕಂಡು ಅಚ್ಚರಿ. ಹೆಕ್ಟೇರಿಗೆ ಸುಮಾರು 10,000 ಬಳ್ಳಿ. "ಭಾವ, ನಮ್ಮಲ್ಲಿ ವರ್ಷಕ್ಕೆರಡು ಸಲ ಸವರಿ ಎರಡು ಫಸಲು ತೆಗೆಯುತ್ತೇವೆ. ಇವರಿಗೆ ಚಳಿಗಾಲವೇ ಅರ್ಧ ವರ್ಷ ತಿಂದುಹಾಕುತ್ತದಲ್ಲ," ಎಂದ. ನಾವು ಹೋದಾಗ ಬಳ್ಳಿ ಹೂ ಬಿಟ್ಟಿತ್ತು. ಹೂವಿನಿಂದ ಕೊಯ್ಲಿಗೆ ಸುಮಾರು ನೂರು ದಿನ ಎಂಬುದು ಇಲ್ಲಿನ ರೈತರ ಲೆಕ್ಕ.

ಜೆವ್ರೆ-ಶಾಂಬೆರ್ತಾಂ ಬಳಿ ಹೆಚ್ಚು ಹೊತ್ತು ಕಳೆದೆವು. ಈ ಸೀಮೆಯನ್ನು ಅರ್ಥ ಮಾಡಿಕೊಳ್ಳಲು ಎರಡು ರಸ್ತೆ ಸಾಕು. ಕೆಳಗೆ ಡಿ974, ಹಳೆಯ ಹೆದ್ದಾರಿ; ಮೇಲೆ, ತೋಟಗಳ ನಡುವೆ, ಡಿ122. ಕೆಳರಸ್ತೆಯ ಪೂರ್ವಕ್ಕೆ ಬೆಳೆದದ್ದರ ಬಾಟಲಿಯ ಮೇಲೆ ಬಹುಮಟ್ಟಿಗೆ ಪ್ರಾಂತ್ಯದ ಹೆಸರು ಮಾತ್ರ ಇರುತ್ತದೆ. ರಸ್ತೆ ದಾಟಿ ಪಶ್ಚಿಮಕ್ಕೆ ಬಂದರೆ ಊರಿನ ಹೆಸರು ಬರುತ್ತದೆ. ನಡು ಇಳಿಜಾರಿನಲ್ಲಿ ಅತ್ಯುನ್ನತ ದರ್ಜೆಯ ಗ್ರಾಂ ಕ್ರೂ, ಅದರ ಆಚೀಚೆ ಎರಡನೇ ದರ್ಜೆಯ ಪ್ರೀಮಿಯೆ ಕ್ರೂ, ನೆತ್ತಿಯಲ್ಲಿ ಕಾಡು. ತಳದಲ್ಲಿ ಮಣ್ಣು ದಪ್ಪ, ನೀರು ನಿಲ್ಲುತ್ತದೆ. ನಡುವೆ ಸುಣ್ಣಕಲ್ಲಿನ ಮೇಲೆ ತೆಳುವಾದ ಮಣ್ಣು, ನೀರು ಬಸಿದುಹೋಗುತ್ತದೆ, ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ. ಜೆವ್ರೆಯ ದಕ್ಷಿಣಕ್ಕೆ ಡಿ122 ಹಿಡಿದರೆ ಬಲಕ್ಕೆ, ಏರಿನಲ್ಲಿ, ಶಾಂಬೆರ್ತಾಂ. ಎಡಕ್ಕೆ, ಇಳಿಜಾರಿನಲ್ಲಿ, ಶಾರ್ಮ್. ಎರಡೂ ಗ್ರಾಂ ಕ್ರೂ, ನಡುವೆ ಒಂದು ಕಾರು ಎದುರಾದರೆ ನಿಧಾನಿಸಬೇಕಾದಷ್ಟೇ ಅಗಲದ ಡಾಂಬರು.

ಇಲ್ಲಿ ಕಾರಿನ ಎತ್ತರ ನೆರವಿಗೆ ಬಂತು. ಎ110 ನೆಲದಿಂದ ಮೇಲ್ಛಾವಣಿಗೆ 1.25 ಮೀಟರ್, ಅಂದರೆ ಹೆಚ್ಚು ಕಡಿಮೆ ಬಳ್ಳಿಯಷ್ಟೇ ಎತ್ತರ. ಚಾಲಕನ ಕಣ್ಣು ಎಲೆಗಳ ಸಮಕ್ಕೆ ಇರುತ್ತದೆ. ಬಲಗಡೆ ನೋಡಿದರೆ ಬಳ್ಳಿಯ ಗಂಟುಬುಡ, ಅದರಡಿಯ ತಿಳಿಕಂದು ಮಣ್ಣು, ಮಣ್ಣಿನಲ್ಲಿ ಬಿಳಿ ಕಲ್ಲಿನ ಚೂರುಗಳು ಸ್ಪಷ್ಟವಾಗಿ ಕಾಣುತ್ತವೆ. ಎದುರಿನಿಂದ ಸಾಲುಗಳ ಮೇಲೆ ಕಾಲು ಚಾಚಿ ನಡೆಯುವ ಎತ್ತರದ ಟ್ರ್ಯಾಕ್ಟರ್ ಬಂದಾಗ ಅಂಚಿಗೆ ಸರಿದು ನಿಂತೆ. ಅದರ ಚಕ್ರ ನನ್ನ ಕಿಟಕಿಗಿಂತ ಮೇಲಿತ್ತು. ಹೊಟ್ಟೆಯಡಿ ಇಡೀ ಒಂದು ಸಾಲು ಬಳ್ಳಿ ದಾಟಿಹೋಗುವಷ್ಟು ಜಾಗ. ಜೂನ್ ಅವರಿಗೆ ಬಿಡುವಿಲ್ಲದ ತಿಂಗಳು. ದಾರಿ ಅವರದು, ನಾವು ಸರಿಯಬೇಕು.

ಜೆವ್ರೆಯಿಂದ ಬೆಟ್ಟದತ್ತ ಡಿ31 ಕೋಂಬ್ ಲಾವೋ ಎಂಬ ಕಮರಿಯೊಳಗೆ ನುಗ್ಗುತ್ತದೆ. ಎರಡೂ ಬದಿಗೆ ಸುಣ್ಣಕಲ್ಲಿನ ಗೋಡೆ, ನೆರಳು, ಒಂದರ ಹಿಂದೊಂದು ತಿರುವು. ಎರಡನೇ ಗೇರ್, ಮೂರನೇ ಗೇರ್, ಮತ್ತೆ ಎರಡು. ಇಡೀ ಪ್ರವಾಸದಲ್ಲಿ ಎಂಜಿನ್ ಮನಸಾರೆ ಉಸಿರಾಡಿದ್ದು ಇಲ್ಲೇ. ವೈನಿಗೂ ಈ ಕಮರಿಗೂ ಸಂಬಂಧವಿದೆ. ಹಿಂದೆ ನೀರು ಇದೇ ಕಮರಿಯಿಂದ ಕಲ್ಲುಹರಳನ್ನು ಹೊತ್ತು ತಂದು ಕೆಳಗೆ ಬೀಸಣಿಗೆಯಂತೆ ಹರಡಿದೆ. ಹಾಗಾಗಿ ಜೆವ್ರೆಯ ಬಳಿ ಊರಿನ ಹೆಸರು ಹೊತ್ತ ತೋಟಗಳು ಡಿ974ನ್ನೂ ದಾಟಿ ಪೂರ್ವಕ್ಕೆ ಹೋಗಿವೆ. ಕಮರಿ ಹತ್ತಿ ಇಳಿದ ಮೇಲೆಯೇ ಆ ಅಪವಾದ ನನಗೆ ಹೊಳೆದದ್ದು.

ಕ್ಲೋ ದ ವೂಜೊ ಇನ್ನೊಂದು ಅಪವಾದ. ಸಿಸ್ಟರ್ಸಿಯನ್ ಸನ್ಯಾಸಿಗಳು ಕಟ್ಟಿದ ಗೋಡೆಯೊಳಗಿನ ಸುಮಾರು 50 ಹೆಕ್ಟೇರ್ ಪೂರ್ತಿ ಗ್ರಾಂ ಕ್ರೂ, ಮೇಲಿನ ಏರಿನಿಂದ ಹಿಡಿದು ಹೆದ್ದಾರಿ ಅಂಚಿನ ತಗ್ಗಿನವರೆಗೆ. ಮಾಲೀಕರು 80ರ ಆಸುಪಾಸು. ಆದ್ದರಿಂದ ಬಾಟಲಿಯ ಹೆಸರು ನೋಡಿ ಕೊಂಡರೆ ಸಾಲದು, ಬೆಳೆಗಾರನ ಸಾಲು ಗೋಡೆಯೊಳಗೆ ಎಲ್ಲಿದೆ ಎಂದು ಕೇಳಲೇಬೇಕು.

ವೋನ್-ರೊಮಾನೆಯಲ್ಲಿ 1.8 ಹೆಕ್ಟೇರಿನ ರೊಮಾನೆ-ಕೋಂತಿಯ ಕಲ್ಲಿನ ಶಿಲುಬೆಯ ಮುಂದೆ ಜನ ನಿಂತಿದ್ದರು. ತೋಟದೊಳಗೆ ಕಾಲಿಡಬೇಡಿ ಎಂಬ ಫಲಕಕ್ಕೆ ಎಲ್ಲರೂ ಬೆಲೆ ಕೊಟ್ಟರು. ಬೋನ್‌ನಲ್ಲಿ 1443ರ ಆಸ್ಪತ್ರೆಯ ಬಣ್ಣದ ಹೆಂಚಿನ ಚಾವಣಿ ನೋಡಿದೆವು, ಮರ್ಸೋದಲ್ಲಿ ಊಟ ಮಾಡಿದೆವು, ಸಂಜೆಗೆ ಸಾಂತ್ನೆ ತಲುಪಿದೆವು.

ರುಚಿ ನೋಡುವ ವಿಷಯದಲ್ಲಿ ನಿಯಮ ಕಟ್ಟುನಿಟ್ಟು. ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯಸಾರ ಈ ದೇಶದ ಮಿತಿ. ಸ್ಟಿಯರಿಂಗ್ ಹಿಡಿದವನಿಗೆ ನಾನು ಹಾಕಿಕೊಂಡ ಮಿತಿ ಸೊನ್ನೆ. ಆದ್ದರಿಂದ ಬಾಯಿಗೆ ಹಾಕಿದ್ದೆಲ್ಲ ಉಗುಳುವ ಪಾತ್ರೆಗೆ. ಇಲ್ಲಿನ ನೆಲಮಾಳಿಗೆಗಳಲ್ಲಿ ಅದು ಅಗೌರವವಲ್ಲ, ಬೆಳೆಗಾರರೇ ಹಾಗೆ ಮಾಡುತ್ತಾರೆ.

ಕೊಂಡ ಬಾಟಲಿಗಳನ್ನು ಇಡುವ ಜಾಗವೂ ಈಗ ತೀರ್ಮಾನವಾಗಿದೆ. ಹಿಂದಿನ ಡಿಕ್ಕಿ ಎಂಜಿನ್‌ಗೆ ಅಂಟಿಕೊಂಡಿದೆ, ಬಿಸಿಯಾಗುತ್ತದೆ. ಅಲ್ಲಿ ಬಟ್ಟೆ ಮಾತ್ರ. ಮುಂದಿನದು ಸುಮಾರು 100 ಲೀಟರಿನದು, ಆಳ ಕಡಿಮೆ, ಆದರೆ ತಂಪು. ದಪ್ಪ ಫೋಮ್ ಹಾಳೆಯಲ್ಲಿ ಬರ್ಗಂಡಿ ಬಾಟಲಿಯ ಅಗಲ ಹೆಗಲಿಗೆ ತಕ್ಕಂತೆ ಗೂಡು ಕತ್ತರಿಸಿ, ಮಲಗಿಸಿ ಇಟ್ಟೆ. ಕೋಂಬ್ ಲಾವೋದ ತಿರುವುಗಳಲ್ಲೂ ಒಂದೂ ಸದ್ದು ಮಾಡಲಿಲ್ಲ.

ಮುಂದಿನ ಹಂತ ಪೂರ್ವಕ್ಕೆ: ಅರ್ಬ್ವಾ, ಶಾತೊ-ಶಾಲೋಂ, ಜೂರಾ ಬೆಟ್ಟದ ರಸ್ತೆಗಳು. ಅಲ್ಲಿನ ಹಳದಿ ವೈನ್ ಆರು ವರ್ಷಕ್ಕೂ ಮಿಗಿಲಾಗಿ ಪೀಪಾಯಿಯಲ್ಲಿದ್ದು 62 ಸೆಂಟಿಲೀಟರಿನ ಕುಳ್ಳ ಬಾಟಲಿಗೆ ಇಳಿಯುತ್ತದೆ. ಅದರ ಅಳತೆಗೆ ಬೇರೆ ಗೂಡು ಬೇಕು, ಫೋಮ್ ತಂದಾಗಿದೆ. ಬೆಟ್ಟ ಹತ್ತುವ ಮೊದಲು ಮುಂದಿನ ಬ್ರೇಕ್ ಪ್ಯಾಡ್‌ಗಳನ್ನು ಬಿಚ್ಚಿ ನೋಡಬೇಕು.