ಹಿಂದಿನ ಸೀಟಿನವರಿಗೊಂದು ಹ್ಯಾಂಡಲ್

ನಾನು ಕಾರಿನ ಬಾಗಿಲುಗಳ ಎಂಜಿನಿಯರ್. ಡೆಟ್ರಾಯಿಟ್ ಹತ್ತಿರದ ಕಂಪನಿಯೊಂದರಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸ. ಕೀಲು, ಬಾಗಿಲನ್ನು ಕಚ್ಚಿ ಹಿಡಿಯುವ ಲ್ಯಾಚು, ಗಾಜು ಏರಿಳಿಯುವ ಹಳಿ, ಸುತ್ತಲಿನ ರಬ್ಬರ್ ಬೀಡಿಂಗ್, ಇಷ್ಟರಲ್ಲೇ ನನ್ನ ದಿನ ಕಳೆಯುತ್ತದೆ. ಕಾರು ಅಂದ ಕೂಡಲೇ ಎಲ್ಲರೂ ಎಂಜಿನ್ ಬಗ್ಗೆ ವಿಚಾರಿಸುತ್ತಾರೆ. ಆದರೆ ಕಾರಿನಲ್ಲಿ ನಮ್ಮ ಕೈ ಮೊದಲು ಮುಟ್ಟುವುದೂ ಬಾಗಿಲನ್ನೇ, ಕೊನೆಗೆ ಮುಟ್ಟುವುದೂ ಬಾಗಿಲನ್ನೇ.

ಕೆಲವು ವರ್ಷಗಳ ಹಿಂದೆ ಎರಡು ಬಾಗಿಲಿನ ಕಾರೊಂದರ ಕೆಲಸ ನನ್ನ ಪಾಲಿಗೆ ಬಂತು. ಉದ್ದನೆಯ ಬಾಗಿಲು, ಚೌಕಟ್ಟಿಲ್ಲದ ಗಾಜು. ಮೂರು ತಿಂಗಳು ಕಂಪ್ಯೂಟರ್ ಮುಂದೆ ಕೂತು ಎಲ್ಲ ಲೆಕ್ಕ ಸರಿಮಾಡಿಕೊಂಡು ರಿವ್ಯೂಗೆ ಹೋದೆ. ತೂಕ ಸರಿ ಇತ್ತು, ಖರ್ಚು ಸರಿ ಇತ್ತು. ಮೂಲೆಯಲ್ಲಿ ಕೂತಿದ್ದ ನಮ್ಮ ಹಿರಿಯ ಎಂಜಿನಿಯರ್ ಒಬ್ಬರು, ಅಷ್ಟು ಹೊತ್ತೂ ಸುಮ್ಮನಿದ್ದವರು, ಒಂದು ಪ್ರಶ್ನೆ ಕೇಳಿದರು.

"ಹಿಂದೆ ಕೂತವರು ಇಳಿಯೋದು ಹೇಗೆ?"

"ಮುಂದಿನವರು ಇಳಿದು ಸೀಟು ಮಡಚಿ ಕೊಡ್ತಾರೆ."

"ಮುಂದಿನವರು ಇಳಿದು ಬಾಗಿಲು ಹಾಕ್ಕೊಂಡು ಅಂಗಡಿಗೆ ಹೋಗಿಬಿಟ್ಟಿದ್ರೆ?"

ಉತ್ತರ ಹೊಳೆಯಲಿಲ್ಲ. ಬಾಗಿಲಿನ ಹ್ಯಾಂಡಲ್ ಎಲ್ಲಿದೆ ಎಂದು ಚಿತ್ರದಲ್ಲಿ ನೋಡಿದೆ. ಡ್ರೈವರಿನ ಕೈಗೆ ಹಿತವಾಗಿ ಸಿಗುವಂತೆ ಬಾಗಿಲಿನ ಮುಂಭಾಗದಲ್ಲಿತ್ತು. ಹಿಂದೆ ಕೂತವರು ಮುಂದಿನ ಸೀಟಿನ ಮೇಲೆ ಬಗ್ಗಿ ಬಿದ್ದರೂ ಕೈ ಎಟುಕುತ್ತಿರಲಿಲ್ಲ. ಹಿರಿಯರು ಬೈಯಲಿಲ್ಲ. "ಶನಿವಾರ ನಮ್ಮ ಮನೆಗೆ ಬಾ, ಗ್ಯಾರೇಜಲ್ಲಿ ಒಂದು ಕಾರಿದೆ" ಅಂದರು.

ಆ ಕಾರು 1963ರ ಬ್ಯೂಕ್ ರಿವಿಯೇರಾ. ಅವರ ತಂದೆಯ ಕಾಲದ್ದು. ಹಾಳೆಯನ್ನು ಗೆರೆ ಎಳೆದು ಮಡಚಿದಂತಹ ಚೂಪು ಅಂಚುಗಳು, ಆ ಅಂಚುಗಳ ನಡುವೆ ಉಬ್ಬಿದ ಮೃದುವಾದ ಪಕ್ಕೆಗಳು. ಐದೂ ಕಾಲು ಮೀಟರ್ ಉದ್ದ, ಆದರೂ ಭಾರ ಅನ್ನಿಸುವುದಿಲ್ಲ. ಆ ಕಾಲದ ಅಮೆರಿಕದ ಕಾರುಗಳಲ್ಲಿ ಕ್ರೋಮ್ ಹೇರಿಕೊಂಡು ಓಡಾಡಿದವೇ ಹೆಚ್ಚು. ಇದರ ಮೇಲೆ ಬೇಕಾದಷ್ಟೇ ಇದೆ. ಬ್ಯೂಕ್, ಕ್ಯಾಡಿಲಾಕ್ ಮುಂತಾದ ಹೆಸರುಗಳಲ್ಲಿ ಕಾರು ಮಾಡುವ ಜನರಲ್ ಮೋಟರ್ಸ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥ ಬಿಲ್ ಮಿಚೆಲ್ ಲಂಡನ್‌ನಲ್ಲಿ ಮಂಜಿನ ನಡುವೆ ಚೂಪು ಅಂಚಿನ ರೋಲ್ಸ್ ರಾಯ್ಸ್ ಒಂದನ್ನು ಕಂಡು ಮನಸೋತರಂತೆ; ತನಗೆ ಬೇಕಾದದ್ದು ಇಂಥದ್ದೇ ಎಂದು ನೆಡ್ ನಿಕಲ್ಸ್ ಎಂಬ ವಿನ್ಯಾಸಕನಿಗೆ ಹೇಳಿ ಚಿತ್ರ ಬರೆಸಿದರು.

ಆ ಚಿತ್ರ ಹುಟ್ಟಿದ್ದು ಬ್ಯೂಕ್‌ಗಾಗಿ ಅಲ್ಲ. 1927ರಿಂದ 1940ರವರೆಗೆ ಕ್ಯಾಡಿಲಾಕ್‌ನ ತಂಗಿಯಂತೆ ಲಾಸಾಲ್ ಎಂಬ ಹೆಸರಿನ ಕಾರುಗಳು ಬರುತ್ತಿದ್ದವು. ಆ ಹೆಸರಿಗೆ ಮತ್ತೆ ಜೀವ ಕೊಡಬೇಕೆಂಬುದು ಮಿಚೆಲ್ ಆಸೆ. ತಯಾರಿಸಿದಷ್ಟೂ ಕಾರು ಮಾರಾಟವಾಗುತ್ತಿದ್ದ ಕ್ಯಾಡಿಲಾಕ್‌ಗೆ ಹೊಸ ತಲೆನೋವು ಬೇಡವಾಗಿತ್ತು. ಬ್ಯೂಕ್‌ನ ಸ್ಥಿತಿಯೇ ಬೇರೆ. 1955ರಲ್ಲಿ 7 ಲಕ್ಷ ದಾಟಿದ್ದ ಅದರ ಉತ್ಪಾದನೆ 1958ಕ್ಕೆ ಎರಡೂವರೆ ಲಕ್ಷಕ್ಕಿಂತ ಕೆಳಗಿಳಿದಿತ್ತು. ಅತ್ತ ಫೋರ್ಡ್‌ನವರು ಎರಡೇ ಸೀಟಿನ ಥಂಡರ್‌ಬರ್ಡ್‌ಗೆ 1958ರಲ್ಲಿ ಹಿಂದೆ ಇನ್ನೆರಡು ಸೀಟು ಸೇರಿಸಿದ್ದರು. 1960ರ ಮಾಡೆಲ್ ಒಂದೇ 90 ಸಾವಿರ ದಾಟಿತು. ಅದಕ್ಕೆ ಎದುರಾಗಿ ಒಂದು ಕಾರು ಬೇಕೇ ಬೇಕಿತ್ತು. ಮಿಚೆಲ್ ವಿನ್ಯಾಸಕ್ಕಾಗಿ ಜನರಲ್ ಮೋಟರ್ಸ್‌ನದೇ ವಿಭಾಗಗಳಾದ ಬ್ಯೂಕ್, ಓಲ್ಡ್ಸ್‌ಮೊಬೈಲ್, ಪಾಂಟಿಯಾಕ್ ಮೂರೂ ಪೈಪೋಟಿಗಿಳಿದವು. ಬ್ಯೂಕ್‌ನವರು ಜಾಹೀರಾತು ಕಂಪನಿಯೊಂದನ್ನು ಜತೆಗಿಟ್ಟುಕೊಂಡು ತಮ್ಮ ವಾದ ಮಂಡಿಸಿ ಗೆದ್ದರು.

1962ರ ಶರತ್ಕಾಲದಲ್ಲಿ ಕಾರು ಷೋರೂಮಿಗೆ ಬಂತು. ಬೆಲೆ 4,333 ಡಾಲರ್. ಮೊದಲ ವರ್ಷ 40,000 ಕಾರು, ಅಷ್ಟೇ ಎಂದು ಕಂಪನಿ ಮೊದಲೇ ಮಿತಿ ಹಾಕಿಕೊಂಡಿತ್ತು. ಒಳಗೆ 6.6 ಲೀಟರಿನ ವಿ8 ಎಂಜಿನ್, 325 ಅಶ್ವಶಕ್ತಿ. ಕವಾಟಗಳು ಚಿಕ್ಕವು, ಮೊಳೆ ಹೊಡೆದಂತೆ ನೆಟ್ಟಗೆ ನಿಂತವು. ಹಾಗಾಗಿ ಜನ ಅದನ್ನು 'ಮೊಳೆತಲೆ' ಎಂಬರ್ಥದ ನೇಲ್‌ಹೆಡ್ ಎಂದೇ ಕರೆದರು. ಬಾನೆಟ್ ಎತ್ತಿದಾಗ ನಾನು ಗೌರವಕ್ಕೆಂದು ಒಂದು ನಿಮಿಷ ನೋಡಿದೆ. ನನ್ನ ಕಣ್ಣು ಬಾಗಿಲ ಮೇಲೇ ಇತ್ತು.

ಇಂಥ ಕಾರುಗಳಿಗೆ ಅಮೆರಿಕದಲ್ಲಿ 'ಪರ್ಸನಲ್ ಲಕ್ಷುರಿ ಕಾರ್' ಎನ್ನುತ್ತಾರೆ. ಇದು ಸಂಸಾರ ಹೇರಿಕೊಂಡು ಹೋಗುವ ಕಾರಲ್ಲ, ರೇಸಿನ ಕಾರೂ ಅಲ್ಲ. ಯಜಮಾನ ತಾನೇ ಸ್ಟೀರಿಂಗ್ ಹಿಡಿದು ಸುಖವಾಗಿ ದೂರ ಹೋಗಲು ಮಾಡಿದ್ದು. ನಾನು ಬೆಳೆದ ಊರಿನಲ್ಲಿ ಯಜಮಾನ ಕೂರುವುದು ಹಿಂದೆ. ದಾವಣಗೆರೆಯಲ್ಲಿ ಅಪ್ಪ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಗಾಡಿ ನಿಂತ ಕೂಡಲೇ ತಾವು ಇಳಿದು ಹಿಂದಿನ ಬಾಗಿಲು ತೆಗೆದು ಕೊಡುತ್ತಿದ್ದರು; ಆಮೇಲೆ, "ಬಾಗಿಲು ಮೆತ್ತಗೆ ಹಾಕ್ರಿ ಸಾರ್." ಅಂಥವರ ಮಗ ನಾನು, ಹಿಂದಿನ ಸೀಟನ್ನೇ ಮರೆತು ಮೂರು ತಿಂಗಳು ಬಾಗಿಲು ಬರೆದಿದ್ದೆ. ಅದು ನನಗೆ ನಿಜಕ್ಕೂ ನೋವಾಯಿತು.

"ಹಿಂದೆ ಕೂತ್ಕೋ" ಅಂದರು ನಮ್ಮ ಹಿರಿಯ ಎಂಜಿನಿಯರ್. ಮುಂದಿನ ಸೀಟು ಮಡಚಿ ಒಳಗೆ ನುಸುಳಿ ಕೂತೆ. ಅಲ್ಲೂ ಇಬ್ಬರಿಗೆ ಬೇರೆಬೇರೆಯಾಗಿ ಗುಳಿಯಿರುವ ಸೀಟುಗಳು. ಉಳಿದ ಜಾಗದಲ್ಲಿ ಒರಗಿಸಿದ ಬೆಂಚಿನಂತಲ್ಲ. ಅವರು ಸೀಟನ್ನು ಸ್ವಸ್ಥಾನಕ್ಕೆ ತಳ್ಳಿ, ಬಾಗಿಲು ಹಾಕಿ, ಕಾಫಿ ತರುತ್ತೇನೆಂದು ಒಳಗೆ ಹೋಗಿಬಿಟ್ಟರು.

ಕೈ ಚಾಚಿದೆ. ಬಾಗಿಲಿನ ಹಿಂತುದಿಯಲ್ಲಿ, ನನ್ನ ಮೊಣಕಾಲಿನ ಹತ್ತಿರ, ಇನ್ನೊಂದು ಹ್ಯಾಂಡಲ್ ಇತ್ತು. ಮುಂದಿನವರಿಗೆ ಒಂದು, ಹಿಂದಿನವರಿಗೆ ಒಂದು. ಎರಡೂ ಒಂದೇ ಬಾಗಿಲಿಗೆ. ಎಳೆದೆ, ತೆರೆಯಿತು.

ಎರಡನೆಯ ಹ್ಯಾಂಡಲ್ ಅಂದರೆ ಎಷ್ಟು ಕೆಲಸವೆಂದು ನನಗೆ ಗೊತ್ತು. ಇನ್ನೊಂದು ಕಡ್ಡಿ, ಇನ್ನೊಂದು ಸ್ಪ್ರಿಂಗ್, ಬಾಗಿಲೊಳಗಿನ ಗಾಜಿಗೆ ತಾಗದಂತೆ ದಾರಿ, ಅಲುಗಾಡಿ ಸದ್ದು ಮಾಡದಂತೆ ಹಿಡಿತ, ಜೋಡಿಸುವವನಿಗೆ ಕೆಲವು ಸೆಕೆಂಡು ಹೆಚ್ಚು. ರಿವಿಯೇರಾ ಮಾಡಿದವರ ಸಭೆಯಲ್ಲೂ ಇದನ್ನು ತೆಗೆದುಹಾಕೋಣ ಎಂದು ಯಾರೋ ಹೇಳಿಯೇ ಇರುತ್ತಾರೆ. ಯಾರೋ ಒಬ್ಬರು ಬೇಡ ಎಂದು ಗಟ್ಟಿಯಾಗಿ ನಿಂತಿರಬೇಕು.

ಕಾಫಿ ಕುಡಿದ ಮೇಲೆ ಅವರು ಗಾಜಿನ ಪಾಠ ಹೇಳಿಕೊಟ್ಟರು. ಅದುವರೆಗೆ ಹಾರ್ಡ್‌ಟಾಪ್ ಕಾರುಗಳ, ಅಂದರೆ ಪಕ್ಕದ ಗಾಜುಗಳ ನಡುವೆ ಕಂಬವಿಲ್ಲದ ಕಾರುಗಳ, ಗಾಜಿಗೂ ಅಂಚಿನಲ್ಲಿ ತೆಳ್ಳನೆಯ ಲೋಹದ ಪಟ್ಟಿ ಇರುತ್ತಿತ್ತು. ರಿವಿಯೇರಾದಲ್ಲಿ ಅದೂ ಇಲ್ಲ, ಬರೀ ಗಾಜು. ನೋಡಲು ಬಲು ಚೆಂದ, ಆದರೆ ಎಂಜಿನಿಯರಿಗೆ ಪರೀಕ್ಷೆ. ಕಾರು ವೇಗವಾಗಿ ಹೋಗುವಾಗ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿ ಗಾಜನ್ನು ಹೊರಕ್ಕೆ ಸೆಳೆಯುತ್ತದೆ. ಮೇಲೆ ಹಿಡಿದುಕೊಳ್ಳಲು ಚೌಕಟ್ಟಿಲ್ಲ. ಕೂದಲೆಳೆಯಷ್ಟು ಸಂದಿ ಬಿಟ್ಟರೂ ಸಿಳ್ಳೆ ಶುರು, ಮಳೆ ಬಂದರೆ ತೊಡೆ ಒದ್ದೆ. ಅದಕ್ಕೇ ಗಾಜನ್ನು ತುಸು ಒಳಕ್ಕೆ ವಾಲಿಸಿ, ಛಾವಣಿಯ ಬೀಡಿಂಗ್ ಮೇಲೆ ಒತ್ತಿ ಕೂರುವಂತೆ ಮಾಡಬೇಕು. ಎತ್ತರ, ವಾಲು, ಹಿಂದೆಮುಂದೆ, ಮೂರನ್ನೂ ಬಾಗಿಲೊಳಗಿನ ಬೋಲ್ಟು ಸಡಿಲಿಸಿ, ಬಿಗಿದು ಹೊಂದಿಸಬೇಕು. ಒಂದನ್ನು ಸರಿಮಾಡಿದರೆ ಇನ್ನೊಂದು ಜಾರುತ್ತದೆ.

ಪರ್ಸಿನಿಂದ ಒಂದು ಡಾಲರ್ ನೋಟು ತೆಗೆದು ಗಾಜು ಮತ್ತು ಬೀಡಿಂಗ್ ನಡುವೆ ಇಟ್ಟು ಬಾಗಿಲು ಹಾಕಿದರು. "ಎಳಿ." ಬಿಗಿಯಾಗಿ, ಆದರೆ ಹರಿಯದೆ ಬಂತು. ನಾಲ್ಕು ಬೆರಳು ಪಕ್ಕಕ್ಕೆ ಸರಿಸಿ ಇನ್ನೊಮ್ಮೆ. ಹೀಗೆ ಬಾಗಿಲ ಉದ್ದಕ್ಕೂ. ಒಂದು ಜಾಗದಲ್ಲಿ ನೋಟು ಸಲೀಸಾಗಿ ಜಾರಿತು. ಅದನ್ನು ಸರಿಮಾಡಲು ನಮಗೆ ಮಧ್ಯಾಹ್ನ ಪೂರ್ತಿ ಹಿಡಿಯಿತು. ಚೌಕಟ್ಟಿಲ್ಲದ ಗಾಜಿನ ಇಂದಿನ ಅನೇಕ ಕಾರುಗಳಲ್ಲಿ ಹ್ಯಾಂಡಲ್ ಎಳೆದ ಕ್ಷಣ ಮೋಟರು ಗಾಜನ್ನು ಒಂದಿಷ್ಟು ಕೆಳಗಿಳಿಸಿ, ಬಾಗಿಲು ಹಾಕಿದ ಮೇಲೆ ಮತ್ತೆ ಏರಿಸುತ್ತದೆ. ಆದರೂ ನಮ್ಮ ಪ್ರೋಟೋಟೈಪುಗಳ ಮೇಲೆ ಈಗಲೂ ನಾನು ಮೊದಲು ನಡೆಸುವುದು ಆ ನೋಟಿನ ಪರೀಕ್ಷೆಯನ್ನೇ. ಸೆನ್ಸರುಗಳು ಆಮೇಲೆ.

ಹೊರಡುವ ಮುಂಚೆ ಅವರು ತೋರಿಸಿದ ಇನ್ನೊಂದು ಸಂಗತಿ ಮುಂಭಾಗದ್ದು. ಎರಡೂ ಫೆಂಡರುಗಳ ತುದಿಯಲ್ಲಿ ಉದ್ದನೆಯ ಜಾಲರಿಗಳಿವೆ. ಹೆಡ್‌ಲೈಟುಗಳನ್ನು ಅವುಗಳ ಹಿಂದೆ ಒಂದರ ಮೇಲೊಂದು ಬಚ್ಚಿಡಬೇಕು, ಸ್ವಿಚ್ ಹಾಕಿದಾಗ ಜಾಲರಿ ಚಿಪ್ಪಿನಂತೆ ಬಿಚ್ಚಿಕೊಳ್ಳಬೇಕು ಎಂಬುದು ಮೊದಲಿನಿಂದಲೂ ಇದ್ದ ಯೋಚನೆ. 1963ಕ್ಕೆ ಅದು ಸಿದ್ಧವಾಗಲಿಲ್ಲ. ದೀಪಗಳನ್ನು ನಡುವಿನ ಗ್ರಿಲ್‌ನಲ್ಲಿ ಕೂರಿಸಿ ಕಾರನ್ನು ಹೊರತಂದರು. 1965ರ ಮಾಡೆಲಿಗೆ ಜಾಲರಿ ಬಿಚ್ಚಿಕೊಂಡಿತು. ಎರಡು ವರ್ಷ ಕಾದಿದ್ದು ನನಗೆ ತುಂಬ ಸರಿ ಅನ್ನಿಸುತ್ತದೆ. ಅರೆಬೆಂದದ್ದನ್ನು ಗಿರಾಕಿಗೆ ಬಡಿಸುವ ಅವಸರ ನನ್ನ ಕ್ಷೇತ್ರದಲ್ಲಿ ಈಗ ವಿಪರೀತ.

ಸೋಮವಾರ ಚಿತ್ರವನ್ನು ಮತ್ತೆ ತೆಗೆದೆ. ಎರಡನೆಯ ಹ್ಯಾಂಡಲ್‌ಗೆ ಒಪ್ಪಿಗೆ ಸಿಗಲಿಲ್ಲ, ಬಹಳ ವಾದಿಸಿದರೂ ಸಿಗಲಿಲ್ಲ. ನಮ್ಮ ಲ್ಯಾಚು ವಿದ್ಯುತ್ತಿನದಾಗಿತ್ತು. ಕಡ್ಡಿ ಬೇಡ, ತಂತಿ ಸಾಕು. ಹಾಗಾಗಿ ಬಾಗಿಲಿನ ಹಿಂಭಾಗದಲ್ಲಿ ಒಂದು ಗುಂಡಿಗೆ, ಕರೆಂಟು ಹೋದರೂ ಎಳೆದು ತೆರೆಯಬಹುದಾದ ಪುಟ್ಟ ಪಟ್ಟಿಯೊಂದಕ್ಕೆ ಜಾಗ ಕೇಳಿದೆ. ಮೂರು ಸಭೆ ಆದವು. ನಾಲ್ಕನೆಯ ಸಭೆಯಲ್ಲಿ ಮಾತು ನಿಲ್ಲಿಸಿ, ಖರ್ಚಿನ ಲೆಕ್ಕ ನೋಡುವ ಅಧಿಕಾರಿಯನ್ನು ಮಾದರಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದೆ. ಅವರು ಎರಡು ನಿಮಿಷ ಹ್ಯಾಂಡಲ್ ಹುಡುಕಿ, ಗಾಜು ತಟ್ಟಿದರು. ತೆಗೆದೆ.

"ಎಷ್ಟು ಖರ್ಚು ಅಂದ್ರಿ?" ಎಂದು ಇಳಿಯುತ್ತಲೇ ಕೇಳಿ, ಸಹಿ ಹಾಕಿದರು.