ಒರ್ವಿಯೆಟೋ, ಪಟ್ಟೆ ಪಟ್ಟೆ ಚರ್ಚು ಮತ್ತೆ ನನ್ನ ಮಂಡಿ

ರೋಮ್‌ನಿಂದ ಟ್ರೇನಲ್ಲಿ ಒಂದು ಗಂಟೆ ಚಿಲ್ಲರೆ ಅಷ್ಟೇ, ಆದ್ರೂ ಎರಡು ಸಲ ಪ್ಲಾನ್ ಮಾಡಿ ಕೈಬಿಟ್ಟಿದ್ದೆ. ಈ ಸಲ ಹೋಗೇಬಿಟ್ವಿ. ಸ್ಟೇಷನ್ ಕೆಳಗೆ, ಊರು ಮೇಲೆ. ಜ್ವಾಲಾಮುಖಿ ಬೂದಿ ಗಟ್ಟಿಯಾಗಿ ಆದ ಬಂಡೆ, ಸುತ್ತಲೂ ಬೆಣ್ಣೆ ಕೊಯ್ದ ಹಾಗೆ ನೆಟ್ಟಗೆ ಇಳಿದಿದೆ, ರೋಮನ್ನರಿಗಿಂತ ಮುಂಚೆ ಎಟ್ರುಸ್ಕನ್ನರು ಇಲ್ಲೇ ಇದ್ರಂತೆ, ಯಾಕೆ ಅಂತ ಕೇಳೋದೇ ಬೇಡ, ಶತ್ರು ಹತ್ತೋದಾದ್ರೂ ಹೇಗೆ! ನಾವು ಫ್ಯುನಿಕ್ಯುಲರ್‌ನಲ್ಲಿ, ಅಂದ್ರೆ ಹಗ್ಗ ಎಳೆಯೋ ಇಳಿಜಾರು ರೈಲಲ್ಲಿ, ಕೂತು ಆರಾಮಾಗಿ ಹತ್ತಿದ್ವಿ.

ಸಣ್ಣ ಗಲ್ಲಿಗಳಲ್ಲಿ ಹೋಗ್ತಾ ಇದ್ದೋರಿಗೆ ತಿರುವಲ್ಲಿ ದಢಕ್ಕಂತ ಕೆಥೆಡ್ರಲ್ ಎದುರಾಗುತ್ತೆ. ಬದಿ ಗೋಡೆ ಪೂರ್ತಿ ಕಪ್ಪು ಬಿಳಿ ಪಟ್ಟೆ, ಬಸಾಲ್ಟ್ ಒಂದು ಸಾಲು ಟ್ರಾವರ್ಟೀನ್ ಒಂದು ಸಾಲು, ನಮ್ಮನೆಯವರು "ಪೈಜಾಮ" ಅಂದ್ರು, ಆಮೇಲೆ ನಂಗೂ ಹಂಗೇ ಕಾಣೋಕೆ ಶುರುವಾಯ್ತು. 1290ರಲ್ಲಿ ಅಡಿಪಾಯ ಹಾಕಿದ್ದು, ಮುಗಿಯೋಕೆ ಶತಮಾನಗಳೇ ಬೇಕಾಯ್ತು. ಮುಂಭಾಗದ ಮೊಸಾಯಿಕ್ ಬಿಸಿಲಿಗೆ ಕಣ್ಣು ಕುಕ್ಕುತ್ತೆ, ನಂಗೆ ಅದು ಸ್ವಲ್ಪ ಜಾಸ್ತಿನೇ ಅನ್ನಿಸ್ತು. ಆದ್ರೆ ಕೆಳಗಡೆ ಕಂಬಗಳ ಮೇಲಿನ ಕೆತ್ತನೆ ಇದ್ಯಲ್ಲ, ನಿದ್ದೆ ಹೊಡೀತಿರೋ ಆದಾಮನ ಪಕ್ಕೆಲುಬು ದೇವರು ತೆಗೀತಿರೋದು, ಅದರ ಮುಂದೆ ಎಷ್ಟು ಹೊತ್ತು ನಿಂತೆನೋ.

ಒಳಗೆ ಸಾನ್ ಬ್ರಿಜಿಯೊ ಚಾಪೆಲ್. ಇದರ ಚಿತ್ರಗಳನ್ನ ಫ್ರಾ ಆಂಜೆಲಿಕೊ ಅನ್ನೋ ಚಿತ್ರಕಾರ 1447ರಲ್ಲಿ ಶುರುಮಾಡಿ ಬಿಟ್ಟುಹೋದ, ಲೂಕಾ ಸಿನ್ಯೊರೆಲ್ಲಿ ಅನ್ನೋ ಇನ್ನೊಬ್ಬ 1499ರಲ್ಲಿ ಬಂದು ಮುಗಿಸಿದ. ಒಂದು ಚಿತ್ರದಲ್ಲಿ ಕ್ರಿಸ್ತವಿರೋಧಿ, ಅಂದ್ರೆ ಲೋಕದ ಕೊನೇಲಿ ಬರೋ ಸುಳ್ಳು ಕ್ರಿಸ್ತ, ಜನಕ್ಕೆ ಭಾಷಣ ಬಿಗೀತಿದಾನೆ, ನೋಡೋಕೆ ಯೇಸು ಥರಾನೇ ಇದಾನೆ, ಹಿಂದಿಂದ ಸೈತಾನ ಕಿವೀಲಿ ಪಿಸುಗುಡ್ತಿದಾನೆ, ಅಷ್ಟೇ ಆಗಿದ್ರೆ ಸರಿ, ಹತ್ತಿರ ನೋಡಿದ್ರೆ ಸೈತಾನನ ತೋಳು ಅವನ ಬಟ್ಟೆ ಒಳಗೇ ಹೋಗಿದೆ, ಹೊರಗೆ ಕಾಣ್ತಿರೋ ಕೈ ಯಾರದ್ದು ಅಂತಾನೇ ಗೊತ್ತಾಗಲ್ಲ! ಮೈ ಝುಮ್ಮಂತು. ಮೂಲೇಲಿ ಕಪ್ಪು ಬಟ್ಟೆ ಹಾಕ್ಕೊಂಡು ಸಿನ್ಯೊರೆಲ್ಲಿ ತಾನೂ ನಿಂತಿದಾನೆ, ಪಕ್ಕದಲ್ಲಿ ಫ್ರಾ ಆಂಜೆಲಿಕೊ, ಪಾಪ ಅವನು ಸತ್ತು ಆಗಲೇ ನಲವತ್ತು ವರ್ಷದ ಮೇಲಾಗಿತ್ತು.

ಅಲ್ಲಿಗೆ ಸಾಕಿತ್ತು. ಆದ್ರೆ ಬಾವಿ ನೋಡ್ಲೇಬೇಕು ಅಂತ ಹಠ ಹಿಡಿದೋಳು ನಾನೇ. 1527ರಲ್ಲಿ ರೋಮ್ ಲೂಟಿಯಾದಾಗ ಪೋಪ್ ಏಳನೇ ಕ್ಲೆಮೆಂಟ್ ಇಲ್ಲಿಗೆ ಓಡಿಬಂದಿದ್ದ, ಮುತ್ತಿಗೆ ಬಿದ್ರೆ ನೀರಿಗೇನು ಗತಿ ಅಂತ ಹೆದರಿ ತೋಡಿಸಿದ್ದು. ಐವತ್ತು ಮೀಟರ್‌ಗಿಂತ ಆಳ, ಸುತ್ತ ಎರಡು ಮೆಟ್ಟಿಲ ದಾರಿ ಒಂದಕ್ಕೊಂದು ಹೆಣೆದ ಹಾಗೆ, ಹೇಸರಗತ್ತೆ ಒಂದರಲ್ಲಿ ಇಳಿದು ನೀರು ಹೊತ್ಕೊಂಡು ಇನ್ನೊಂದರಲ್ಲಿ ಹತ್ತೋದು, ಎದುರುಬದುರು ಆಗೋ ಪ್ರಶ್ನೆನೇ ಇಲ್ಲ. 248 ಮೆಟ್ಟಿಲು. ಇಳಿಯುವಾಗ ಕಿಟಕಿ ಕಿಟಕೀಲಿ ನಿಂತು ಫೋಟೋ ತೆಗೆದೆ, ಹತ್ತುವಾಗ ಒಂದೂ ಇಲ್ಲ. ಮಾರನೇ ದಿನ ರೋಮ್‌ನಲ್ಲಿ ಫುಟ್‌ಪಾತಿಂದ ರಸ್ತೆಗೆ ಇಳಿಯೋಕೂ ನಮ್ಮನೆಯವರ ಭುಜ ಹಿಡ್ಕೊಂಡೆ.